ತಿರುಗಣೆ ಕೊಟ್ಟ ಹೆಸರು

ನೇಪಲ್ಸ್ ನಗರದ ಹಳೆಯ ಕೇರಿಗಳ ನಡುವೆ ಅನುನ್ಸಿಯಾಟಾ ಎಂಬ ಧರ್ಮಸಂಸ್ಥೆಯ ಕಟ್ಟಡವಿದೆ. ಅದರ ಗೋಡೆಯಲ್ಲಿ, ಚರ್ಚಿನ ಪಕ್ಕದಲ್ಲೇ, ಒಂದು ಸಣ್ಣ ಕಿಂಡಿ. ಕಿಂಡಿಯ ಹಿಂದೆ ಪೀಪಾಯಿಯ ಆಕಾರದ ಮರದ ತಿರುಗಣೆ. ಒಂದು ಮಗ್ಗುಲು ಮಾತ್ರ ತೆರೆದಿರುವ ಈ ಪೀಪಾಯಿ ನಡುಗೂಟದ ಮೇಲೆ ಸುತ್ತುತ್ತದೆ. ಬೀದಿಯಲ್ಲಿ ನಿಂತವರು ಕೂಸನ್ನು ಅದರೊಳಗೆ ಮಲಗಿಸಿ ತಿರುಗಿಸಿದರೆ ತೆರೆದ ಮಗ್ಗುಲು ಗೋಡೆಯ ಒಳಕ್ಕೆ ಹೊರಳುತ್ತಿತ್ತು. ಗಂಟೆಯ ಸದ್ದಾಗುತ್ತಿತ್ತು. ಒಳಗೆ ಹಗಲಿರುಳು ಕಾದು ಕೂತಿರುತ್ತಿದ್ದ ಹೆಂಗಸು ಎದ್ದು ಬಂದು ಕೂಸನ್ನು ಎತ್ತಿಕೊಳ್ಳುತ್ತಿದ್ದಳು. ಹೊರಗೆ ನಿಂತವಳ ಮುಖ ಇವಳಿಗೆ ಕಾಣುತ್ತಿರಲಿಲ್ಲ, ಇವಳ ಮುಖ ಅವಳಿಗೂ ಕಾಣುತ್ತಿರಲಿಲ್ಲ. ನಡುವೆ ಇದ್ದದ್ದು ಒಂದು ಗೋಡೆ, ಒಂದು ಸುತ್ತು.

ಆ ಒಂದು ಸುತ್ತಿನಲ್ಲಿ ಹುಟ್ಟಿದ ಹೆಸರು ಎಸ್ಪೊಸಿಟೊ. ಇವತ್ತು ನೇಪಲ್ಸ್‌ನಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು ಇದೇ. ಇಡೀ ಇಟಲಿಯನ್ನು ತೆಗೆದುಕೊಂಡರೂ ಮೊದಲ ಹತ್ತರೊಳಗೆ ಬರುತ್ತದೆ. ಲ್ಯಾಟಿನ್ನಿನ ಎಕ್ಸ್‌ಪೊಸಿಟಸ್ ಇದರ ಮೂಲ. ‘ಹೊರಗೆ ಇಡಲಾದ’ ಎಂದು ಅದರ ಅರ್ಥ. ಅದು ಕರ್ಮಣಿ ಪ್ರಯೋಗದ ರೂಪ ಎಂಬುದನ್ನು ಗಮನಿಸಬೇಕು. ಇಟ್ಟವರು ಯಾರು ಎಂಬುದು ಆ ಪದದಲ್ಲಿ ಇಲ್ಲ. ನಮ್ಮ ಕರ್ಣನಿಗೆ ರಾಧೇಯ ಎಂಬ ಹೆಸರು ಎತ್ತಿ ಸಾಕಿದವಳಿಂದಲಾದರೂ ಬಂತು. ಎಸ್ಪೊಸಿಟೊ ಎಂಬುದರಲ್ಲಿ ಹೆತ್ತವಳೂ ಇಲ್ಲ, ಸಾಕಿದವಳೂ ಇಲ್ಲ, ಇಟ್ಟ ಕ್ರಿಯೆ ಮಾತ್ರ ಇದೆ. ಕರ್ತೃಪದವನ್ನು ನುಂಗಿದ ಈ ಹೆಸರು ಹೇಗೆ ಹುಟ್ಟಿತು, ಹೇಗೆ ಕಳಂಕವಾಯಿತು, ಕಾನೂನು ನಿಷೇಧಿಸಿದ ಮೇಲೂ ಹೇಗೆ ಉಳಿಯಿತು ಎಂದು ನೋಡುತ್ತ ಹೋದರೆ, ಗೋಡೆಯ ಆಚೆ ನಿಂತಿದ್ದ ಆ ಹೆಂಗಸಿನ ಕಥೆಯೇ ಅದರ ಒಳಗೆ ಸಿಗುತ್ತದೆ.

ಕೂಸುಗಳನ್ನು ತೊರೆಯುವುದು ರೋಮನ್ನರ ಕಾಲದಿಂದಲೂ ಇತ್ತು. ಅಂಥ ಕೂಸುಗಳಿಗಾಗಿಯೇ ಒಂದು ಆಶ್ರಯ ಎಂದು ದಾಖಲೆಯಲ್ಲಿ ಸಿಗುವ ಮೊದಲ ಮನೆ ಮಿಲಾನಿನದು. 787ರಲ್ಲಿ ಡಾಥೇಯಸ್ ಎಂಬ ಹಿರಿಯ ಪಾದ್ರಿ ತನ್ನ ಮನೆಯನ್ನೇ ಇದಕ್ಕಾಗಿ ಬಿಟ್ಟುಕೊಟ್ಟ. ಅಲ್ಲಿ ಬೆಳೆದ ಮಕ್ಕಳು ಯಾರ ಜೀತಕ್ಕೂ ಸಿಕ್ಕದೆ ಸ್ವತಂತ್ರರಾಗಿ ಬಾಳಬೇಕೆಂಬುದು ಅವನ ಕಟ್ಟಳೆ. ನಾಲ್ಕು ಶತಮಾನಗಳ ನಂತರ ರೋಮಿನಲ್ಲಿ ಮೂರನೇ ಇನ್ನೊಸೆಂಟ್ ಪೋಪನ ಕಾಲಕ್ಕೆ ಸಂತೊ ಸ್ಪಿರಿತೊ ಆಸ್ಪತ್ರೆ ಎದ್ದಿತು. ಟೈಬರ್ ನದಿಯಲ್ಲಿ ಬೆಸ್ತರ ಬಲೆಗೆ ಮೀನಿನ ಬದಲು ಸತ್ತ ಹಸುಗೂಸುಗಳು ಸಿಕ್ಕಿದವು, ಅದನ್ನು ಕಂಡು ಪೋಪನ ಮನಸ್ಸು ಕರಗಿತು ಎಂದು ಐತಿಹ್ಯ. ಆ ಆಸ್ಪತ್ರೆಯ ಗೋಡೆಗಳ ಮೇಲೆ 15ನೇ ಶತಮಾನದಲ್ಲಿ ಈ ಕಥೆಯ ಚಿತ್ರಗಳನ್ನೇ ಬರೆಸಲಾಗಿದೆ. ರೋಮಿನ ಕಡೆ ಹೆಚ್ಚಾಗಿ ಕಾಣುವ ಪ್ರೊಯೆತ್ತಿ ಎಂಬ ಹೆಸರು ಇಂಥ ಮಕ್ಕಳದೇ. ‘ಎಸೆಯಲ್ಪಟ್ಟವರು’ ಎಂಬ ಅದರ ಅರ್ಥ ಎಸ್ಪೊಸಿಟೊಗಿಂತಲೂ ಕಠೋರ.

ಫ್ಲಾರೆನ್ಸ್ ಆಯ್ದುಕೊಂಡ ಹೆಸರಿನಲ್ಲಿ ಮಾತ್ರ ಕರುಣೆ ಇತ್ತು. ಅಲ್ಲಿನ ರೇಷ್ಮೆ ವರ್ತಕರ ಶ್ರೇಣಿ 1419ರಲ್ಲಿ ಬ್ರೂನೆಲೆಸ್ಕಿ ಎಂಬ ಮಹಾಶಿಲ್ಪಿಯಿಂದ ಶಿಶುಧಾಮವೊಂದನ್ನು ಕಟ್ಟಿಸತೊಡಗಿತು. ಬೈಬಲ್ಲಿನ ಕಥೆಯ ದೊರೆ ಹೆರೋದನ ಆಜ್ಞೆಯಿಂದ ಕೊಲೆಯಾದ ಬೆತ್ಲೆಹೇಮಿನ ನಿಷ್ಪಾಪಿ ಶಿಶುಗಳ ನೆನಪಿಗೆ ಅದನ್ನು ಇನ್ನೊಚೆಂತಿ ಎಂದು ಕರೆದರು. 1445ರ ಫೆಬ್ರುವರಿ 5ರಂದು ಮೊದಲ ಕೂಸು ಬಂತು, ಹೆಣ್ಣುಕೂಸು. ಅವತ್ತು ಸಂತ ಆಗಾತಾಳ ಹಬ್ಬ. ಆದ್ದರಿಂದ ಆಗಾತಾ ಸ್ಮೆರಾಲ್ದಾ ಎಂದು ಹೆಸರಿಟ್ಟರು. ಇನ್ನೊಚೆಂತಿ, ದೆಲ್ಯಿನ್ನೊಚೆಂತಿ, ನೊಚೆಂತಿನಿ ಎಂಬ ಮನೆತನದ ಹೆಸರುಗಳು ಫ್ಲಾರೆನ್ಸ್ ಇರುವ ತಸ್ಕನಿಯಲ್ಲಿ ಈಗಲೂ ಇವೆ. ತೊರೆಯಲ್ಪಟ್ಟವರೆಂದೋ ಎಸೆಯಲ್ಪಟ್ಟವರೆಂದೋ ಕರೆಯದೆ ಆ ಮಕ್ಕಳನ್ನು ‘ನಿಷ್ಪಾಪಿಗಳು’ ಎಂದು ಕರೆದ ಆ ವರ್ತಕರ ಬಗ್ಗೆ ನನಗೆ ಗೌರವವಿದೆ.

ಅದೇ ಧಾಮದ ವಸ್ತುಸಂಗ್ರಹಾಲಯದಲ್ಲಿ ಪುಟ್ಟ ಪುಟ್ಟ ಖಾನೆಗಳಿವೆ. ತೊರೆದ ಮಕ್ಕಳ ಮೈಮೇಲೆ ಸಿಕ್ಕ ಗುರುತಿನ ವಸ್ತುಗಳನ್ನು ಅಲ್ಲಿ ಕಾಪಿಟ್ಟಿದ್ದಾರೆ. ಎರಡಾಗಿ ಮುರಿದ ನಾಣ್ಯದ ಅರ್ಧ, ಕತ್ತರಿಸಿದ ಪದಕದ ಅರ್ಧ, ಗುಂಡಿ, ಮಣಿಸರದ ತುಣುಕು. ಉಳಿದ ಅರ್ಧ ತಾಯಿಯ ಹತ್ತಿರ ಇರುತ್ತಿತ್ತು. ಮುಂದೊಂದು ದಿನ ಕೈಯಲ್ಲಿ ನಾಲ್ಕು ಕಾಸು ಓಡಾಡಿದಾಗಲೋ, ಮದುವೆಯಾದಾಗಲೋ, ಸಮಾಜದ ಬಾಯಿ ಕಟ್ಟಿದಾಗಲೋ ಬಂದು ಎರಡನ್ನೂ ಜೋಡಿಸಿ ತೋರಿಸಿ ಮಗುವನ್ನು ಬಿಡಿಸಿಕೊಳ್ಳಬೇಕು ಎಂಬ ಆಸೆ. ಅಲ್ಲಿ ಇವತ್ತು ಕಾಣುವ ಅರ್ಧಗಳೆಲ್ಲ ಜೋಡಿಯಾಗದೆ ಉಳಿದವು. ತೊರೆದ ತಾಯಂದಿರನ್ನು ಕಲ್ಲೆದೆಯವರೆಂದು ಬೈದ ಧರ್ಮಬೋಧೆಗಳು ಆ ಕಾಲದಲ್ಲಿ ಬೇಕಾದಷ್ಟಿದ್ದವು. ನಾಣ್ಯವನ್ನು ಮುರಿದು ಅರ್ಧವನ್ನು ಸೆರಗಿಗೆ ಕಟ್ಟಿಕೊಂಡು ಹೋದವಳು ಮಗುವನ್ನು ಮರೆಯಲು ಹೊರಟವಳಲ್ಲ.

ನೇಪಲ್ಸಿನ ಅನುನ್ಸಿಯಾಟಾ ಹುಟ್ಟಿದ್ದು 14ನೇ ಶತಮಾನದ ಮೊದಲ ದಶಕಗಳಲ್ಲಿ. ಅರಸರು, ರಾಣಿಯರು, ಶ್ರೀಮಂತರು ದತ್ತಿ ಬರೆದುಕೊಟ್ಟು ಅದನ್ನು ಬೆಳೆಸಿದರು. ಆಸ್ಪತ್ರೆ, ಚರ್ಚು, ಶಿಶುಧಾಮ, ಬೆಳೆದ ಹೆಣ್ಣುಮಕ್ಕಳಿಗೆ ವಸತಿ, ಅವರ ಮದುವೆಗೆ ವರದಕ್ಷಿಣೆ, ಇಷ್ಟೂ ಒಂದೇ ಸೂರಿನಡಿ ನಡೆಯುತ್ತಿದ್ದವು. 1587ರಲ್ಲಿ ಸಂಸ್ಥೆ ತನ್ನದೇ ಬ್ಯಾಂಕನ್ನು ತೆರೆಯಿತು ಎಂದರೆ ಅದರ ಹರಹನ್ನು ಊಹಿಸಬಹುದು. ಆಗಿನ ನೇಪಲ್ಸ್ ಸ್ಪೇನಿನ ದೊರೆಗಳ ಆಳ್ವಿಕೆಯಲ್ಲಿದ್ದ, ಯುರೋಪಿನ ಅತಿ ದೊಡ್ಡ ನಗರಗಳಲ್ಲಿ ಒಂದು. ಹಳ್ಳಿಯಿಂದ ಹೊಟ್ಟೆಪಾಡಿಗೆ ಬಂದವರು, ಮನೆಗೆಲಸದ ಹುಡುಗಿಯರು, ಸೈನಿಕರು, ನಾವಿಕರು ತುಂಬಿಕೊಂಡ ಊರು. ತಿರುಗಣೆಗೆ ಬಿಡುವಿರಲಿಲ್ಲ.

ಒಳಗೆ ಬಂದ ಕೂಸಿಗೆ ಮೊದಲು ಸ್ನಾನ. ಆಮೇಲೆ ದೀಕ್ಷಾಸ್ನಾನ. ಕತ್ತಿಗೆ ಸೀಸದ ಮುದ್ರೆಯಿದ್ದ ದಾರ. ದಫ್ತರದಲ್ಲಿ ಬಂದ ದಿನ, ಹೊತ್ತು, ಅಂದಾಜು ವಯಸ್ಸು, ಸುತ್ತಿದ್ದ ಬಟ್ಟೆ, ಮೈಮೇಲಿನ ಗುರುತು, ಜೊತೆಗೆ ಚೀಟಿಯೋ ಪದಕವೋ ಇದ್ದರೆ ಅದು. ಕೊನೆಗೆ ಹೆಸರು. 1563ರ ಟ್ರೆಂಟ್ ಧರ್ಮಸಭೆಯ ನಿರ್ಣಯಗಳಿಂದಾಗಿ ಹುಟ್ಟು ಮದುವೆಗಳ ಪುಸ್ತಕ ಇಡುವುದು ಪ್ರತಿ ಚರ್ಚಿನ ಕರ್ತವ್ಯವಾಗಿತ್ತು. ಅಲ್ಲಿಯತನಕ ಜನಸಾಮಾನ್ಯರು ಇಂಥವನ ಮಗ, ಇಂಥ ಊರಿನವನು ಎಂದು ಹೇಳಿಕೊಂಡರೆ ನಡೆಯುತ್ತಿತ್ತು. ಪುಸ್ತಕ ಬಂದ ಮೇಲೆ ಮನೆತನದ ಹೆಸರು ಗಟ್ಟಿಯಾಯಿತು. ಯಾರ ಮಗನೂ ಅಲ್ಲದವನನ್ನು ಬರೆಯುವ ಜಾಗದಲ್ಲಿ ಗುಮಾಸ್ತ ಅವನ ಸ್ಥಿತಿಯನ್ನೇ ಬರೆದ, ಎಸ್ಪೊಸಿಟೊ ಎಂದು. ಮೊದಲಿಗೆ ಅದು ಹೆಸರಲ್ಲ, ಷರಾ. ಆ ಕೂಸು ದೊಡ್ಡವನಾಗಿ ಮದುವೆಯಾಗಿ ಮಕ್ಕಳನ್ನು ಪಡೆದಾಗ ಷರಾ ಮನೆತನದ ಹೆಸರಾಯಿತು. ಅಪ್ಪ ಅಮ್ಮ ಇಬ್ಬರ ತೊಡೆಯ ಮೇಲೆ ಬೆಳೆದ ಮೊಮ್ಮಕ್ಕಳೂ ‘ಹೊರಗೆ ಇಡಲಾದವರು’ ಆದರು.

ಊರಿನ ಜನ ಈ ಮಕ್ಕಳನ್ನು ಮಡೊನ್ನಾಳ ಮಕ್ಕಳು ಎಂದೂ ಕರೆಯುತ್ತಿದ್ದರು. ಹೆತ್ತವಳ ಹೆಸರು ಹೇಳಲಾಗದ ಕಡೆ ಮೇರಿಮಾತೆಯನ್ನೇ ತಾಯಿಯಾಗಿ ಇಟ್ಟದ್ದು ನೇಪಲ್ಸಿನ ಬಡವರ ಅಂತಃಕರಣ. ಸ್ವಂತ ಮಗು ತೀರಿಕೊಂಡ ಹೆಂಗಸರು, ಹರಕೆ ಹೊತ್ತವರು ಬಂದು ಇಲ್ಲಿಂದ ಕೂಸನ್ನು ಮನೆಗೆ ಒಯ್ಯುತ್ತಿದ್ದರು. ದಫ್ತರ ಕೊಟ್ಟ ಹೆಸರು ಒಂದು, ಬೀದಿ ಕೊಟ್ಟ ಹೆಸರು ಇನ್ನೊಂದು. ಕಾಗದದ ಮೇಲೆ ಉಳಿದದ್ದು ದಫ್ತರದ ಹೆಸರು.

ಬೇರೆ ಊರುಗಳಲ್ಲೂ ಹೀಗೆ ಸಂಸ್ಥೆಯ ಮುದ್ರೆಯೇ ಹೆಸರಾಗುತ್ತಿತ್ತು. ಮಿಲಾನಿನ ದೊಡ್ಡ ಆಸ್ಪತ್ರೆಯ ಲಾಂಛನ ಪಾರಿವಾಳ. ಅಲ್ಲಿನ ಮಕ್ಕಳು ಕೊಲೊಂಬೊಗಳಾದರು. ಬೊಲೊನ್ಯದಲ್ಲಿ ದೆಲ್ಯಿ ಎಸ್ಪೊಸ್ತಿ. ವೆನಿಸ್ಸಿನ ಪಿಯೆಟಾ ಧಾಮದ ಹೆಣ್ಣುಮಕ್ಕಳ ಕಥೆ ಇನ್ನೂ ಬೇರೆ. 1703ರಲ್ಲಿ ಆಂಟೋನಿಯೊ ವಿವಾಲ್ಡಿ ಅಲ್ಲಿ ಪಿಟೀಲು ಕಲಿಸಲು ಸೇರಿದ. ಅವನ ಎಷ್ಟೋ ಸಂಗೀತ ಕೃತಿಗಳನ್ನು ಮೊದಲು ನುಡಿಸಿದವರು ಹೆತ್ತವರು ತೊರೆದ ಈ ಹುಡುಗಿಯರೇ. ಅವರಿಗೆ ಮನೆತನದ ಹೆಸರಿರಲಿಲ್ಲ, ನುಡಿಸುವ ವಾದ್ಯವೇ ಹೆಸರಾಯಿತು. ಪಿಟೀಲಿನ ಅನ್ನಾ ಮರಿಯಾ ಎಂದರೆ ಯುರೋಪಿನ ರಸಿಕರಿಗೆಲ್ಲ ಗೊತ್ತಿತ್ತು.

ಹೆಸರಿನ ಮೂಲದ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ಜಗಳವಿಲ್ಲ. ಆದರೆ ಎಚ್ಚರಿಕೆಯ ಮಾತುಗಳಿವೆ. ಎಸ್ಪೊಸಿಟೊಗಳೆಲ್ಲ ಒಂದೇ ಬಳ್ಳಿಯವರಲ್ಲ. ಸಾವಿರಾರು ಬೇರೆ ಬೇರೆ ಕೂಸುಗಳು ಬೇರೆ ಬೇರೆ ರಾತ್ರಿಗಳಲ್ಲಿ ಪಡೆದ ಹೆಸರು ಅದು, ಅನುನ್ಸಿಯಾಟಾದಲ್ಲಿ ಮಾತ್ರವಲ್ಲ, ದಕ್ಷಿಣದ ಸಣ್ಣಪುಟ್ಟ ಊರುಗಳ ಚರ್ಚಿನ ಮೆಟ್ಟಿಲುಗಳ ಮೇಲೂ. ಕೊಲೊಂಬೊಗಳೆಲ್ಲ ತೊರೆದ ಕೂಸುಗಳ ಸಂತಾನವೂ ಅಲ್ಲ. ಅದೇ ಶಬ್ದ ವ್ಯಕ್ತಿನಾಮವಾಗಿ ಮೊದಲಿನಿಂದಲೂ ಇತ್ತು, ಜಿನೋವಾದ ಕೊಲಂಬಸನ ಮನೆಯವರು ನೇಕಾರರು. ನಿಜವಾದ ವಾದ ಇರುವುದು ಬೇರೆ ಕಡೆ. ಜಾನ್ ಬಾಸ್ವೆಲ್ ಎಂಬ ಅಮೆರಿಕದ ಇತಿಹಾಸಕಾರರು 1988ರಲ್ಲಿ ಒಂದು ಮಾತು ಎತ್ತಿದರು. ಶಿಶುಧಾಮಗಳು ಬರುವ ಮೊದಲು ಹೊರಗಿಟ್ಟ ಕೂಸನ್ನು ಯಾರಾದರೂ ಎತ್ತಿಕೊಂಡು ಸಾಕುತ್ತಿದ್ದರು, ಧಾಮಗಳು ಬಂದ ಮೇಲೆ ಒಂದೇ ಕಡೆ ನೂರಾರು ಹಸುಗೂಸುಗಳು ಸೇರಿ ಸೋಂಕಿನಿಂದ ಸಾಯತೊಡಗಿದವು ಎಂದು. ಹಳೆಯ ಕಾಲದ ಬಗ್ಗೆ ಅವರು ತೀರ ಆಶಾವಾದಿ ಎಂದು ಆಕ್ಷೇಪಿಸಿದವರಿದ್ದಾರೆ. ಧಾಮಗಳ ಸಾವಿನ ಲೆಕ್ಕವನ್ನು ಮಾತ್ರ ಯಾರೂ ಅಲ್ಲಗಳೆಯಲಾರರು. ಎಷ್ಟೋ ಊರುಗಳಲ್ಲಿ, ಎಷ್ಟೋ ವರ್ಷಗಳಲ್ಲಿ, ಒಳಗೆ ಬಂದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. ಹಾಲೂಡಿಸುವ ದಾದಿಯರು ಸಾಲುತ್ತಿರಲಿಲ್ಲ. ಒಬ್ಬಳೇ ಮೂರು ನಾಲ್ಕು ಕೂಸುಗಳಿಗೆ ಹಾಲು ಹಂಚುತ್ತಿದ್ದಳು. ಹಳ್ಳಿಯ ದಾದಿಗೆ ಒಪ್ಪಿಸುವಷ್ಟರಲ್ಲೇ ಎಷ್ಟೋ ಉಸಿರು ನಿಂತಿರುತ್ತಿತ್ತು. ಎಸ್ಪೊಸಿಟೊ ಎಂಬ ಹೆಸರು ಇವತ್ತು ಇಷ್ಟು ವ್ಯಾಪಕವಾಗಿದೆ ಎಂದರೆ, ಅದು ಬದುಕಿ ಉಳಿದ ಅಲ್ಪಸಂಖ್ಯೆಯವರಿಂದ ಮಾತ್ರ ಬೆಳೆದದ್ದು.

ಅನುನ್ಸಿಯಾಟಾದ ಬ್ಯಾಂಕು 1702ರಲ್ಲಿ ಮುಳುಗಿತು. 1757ರ ಬೆಂಕಿಯಲ್ಲಿ ಚರ್ಚು ಸುಟ್ಟುಹೋಗಿ, ಲುಯಿಜಿ ವಾನ್ವಿತೆಲ್ಲಿ ಅದನ್ನು ಮತ್ತೆ ಕಟ್ಟಲು ತೊಡಗಿದ. ದುಡ್ಡು ಕರಗಿದರೂ ಕೂಸುಗಳು ಬರುವುದು ನಿಲ್ಲಲಿಲ್ಲ.

ಈ ಕಥೆಯ ದೊಡ್ಡ ತಿರುವು ಫ್ರೆಂಚರ ಜೊತೆ ಬಂತು. 1806ರಲ್ಲಿ ನೆಪೋಲಿಯನ್ನನ ಸೈನ್ಯ ನೇಪಲ್ಸನ್ನು ಹಿಡಿಯಿತು. 1808ರಲ್ಲಿ ನೆಪೋಲಿಯನ್ನನ ತಂಗಿಯ ಗಂಡ, ಅಶ್ವದಳದ ನಾಯಕ ಜೊಆಕಿಮ್ ಮ್ಯುರಾ ಅಲ್ಲಿನ ರಾಜನಾದ. 1809ರಿಂದ ಹುಟ್ಟು, ಮದುವೆ, ಸಾವುಗಳ ದಾಖಲೆ ಪಾದ್ರಿಯ ಕೈಯಿಂದ ಸರ್ಕಾರದ ಕೈಗೆ ಬಂತು. ಎಸ್ಪೊಸಿಟೊ ಎಂಬ ಹೆಸರನ್ನು ಇನ್ನು ಮುಂದೆ ಯಾವ ಕೂಸಿಗೂ ಇಡಬಾರದೆಂದು ಅಪ್ಪಣೆಯಾದದ್ದು ಮ್ಯುರಾನ ಆಳ್ವಿಕೆಯಲ್ಲೇ. ಹುಟ್ಟಿನ ಕಳಂಕ ಹೆಸರಿನಲ್ಲಿ ಜೀವಮಾನವಿಡೀ ಅಂಟಿಕೊಂಡಿರಬಾರದು ಎಂಬ ಸದುದ್ದೇಶ ಅದು, ಮತ್ತು ಅದನ್ನು ಮೆಚ್ಚಲೇಬೇಕು.

ಆದರೆ ಅದೇ ಆಡಳಿತದ ಇನ್ನೊಂದು ಕೈ ಏನು ಮಾಡುತ್ತಿತ್ತು ಎಂಬುದನ್ನೂ ನೋಡಬೇಕು. 1811ರ ಜನವರಿಯಲ್ಲಿ ನೆಪೋಲಿಯನ್ ಹೊರಡಿಸಿದ ಆಜ್ಞೆ ಪ್ರತಿ ಶಿಶುಧಾಮಕ್ಕೂ ತಿರುಗಣೆ ಇರಬೇಕೆಂದಿತು. ದಕ್ಷಿಣ ಇಟಲಿಯ ಸಣ್ಣ ಊರುಗಳಲ್ಲೂ ತಿರುಗಣೆಗಳು ಎದ್ದವು. ಫ್ರೆಂಚ್ ಕಾನೂನು ಸಂಹಿತೆ ಮಗುವಿನ ತಂದೆ ಯಾರೆಂದು ಪತ್ತೆ ಹಚ್ಚುವ ಹಕ್ಕನ್ನೇ ಕಿತ್ತುಕೊಂಡಿತು. ಇಟಲಿ ಒಂದಾದ ಮೇಲೆ ಬಂದ 1865ರ ನಾಗರಿಕ ಸಂಹಿತೆಯೂ ಅದನ್ನೇ ಉಳಿಸಿಕೊಂಡಿತು. ಗಂಡಸು ಮುಚ್ಚಿದ ಬಾಗಿಲಿನ ಹಿಂದೆ ಸುರಕ್ಷಿತ. ಮದುವೆಯಾಗದ ಹೆಂಗಸಿನ ಹೊಟ್ಟೆಯನ್ನು ಮಾತ್ರ ಊರೆಲ್ಲ ನೋಡುತ್ತಿತ್ತು. ಇತಿಹಾಸಕಾರ ಡೇವಿಡ್ ಕರ್ಟ್ಜರ್ ಅವರ ಅಧ್ಯಯನ ತೋರಿಸಿರುವಂತೆ, ಕೂಸನ್ನು ಬಿಡುವುದು ಎಷ್ಟೋ ಸಲ ಅವಳ ತೀರ್ಮಾನವೂ ಆಗಿರಲಿಲ್ಲ. ಸೂಲಗಿತ್ತಿ, ಪಾದ್ರಿ, ಮನೆಯವರು ಸೇರಿ ಮನೆತನದ ಮರ್ಯಾದೆಗಾಗಿ ಕಿತ್ತುಕೊಂಡು ಒಯ್ಯುತ್ತಿದ್ದರು. ಬೊಲೊನ್ಯದಲ್ಲಿ ಅಂಥ ಬಡ ತಾಯಂದಿರನ್ನು ಶಿಶುಧಾಮದಲ್ಲೇ ಇರಿಸಿಕೊಂಡು ಬೇರೆಯವರ ಕೂಸುಗಳಿಗೆ ಹಾಲೂಡಿಸುವ ಕೆಲಸಕ್ಕೆ ಹಚ್ಚುತ್ತಿದ್ದರು. ತನ್ನ ಕೂಸು ಎಲ್ಲೋ, ತನ್ನ ಎದೆಯ ಹಾಲು ಇನ್ಯಾರಿಗೋ. ಇದನ್ನು ಬರೆಯುವಾಗ ಕೈ ಭಾರವಾಗುತ್ತದೆ.

1815ರ ಅಕ್ಟೋಬರ್‌ನಲ್ಲಿ ಕಲಾಬ್ರಿಯಾದ ಪಿತ್ಸೊ ಎಂಬಲ್ಲಿ ಮ್ಯುರಾನನ್ನು ಗುಂಡಿಟ್ಟು ಕೊಂದರು. ಹಳೆಯ ರಾಜವಂಶ ಹಿಂತಿರುಗಿತು, ಆದರೆ ದಾಖಲೆಯ ಪದ್ಧತಿ ಉಳಿಯಿತು. ಈಗ ಗುಮಾಸ್ತನಿಗೆ ಹೊಸ ಕೆಲಸ, ಪ್ರತಿ ಕೂಸಿಗೂ ಇಲ್ಲದ ಮನೆತನವೊಂದನ್ನು ಹುಟ್ಟಿಸುವುದು. ಸಣ್ಣ ಊರುಗಳಲ್ಲಿ ತಿರುಗಣೆಯ ಹೆಂಗಸು ಕೂಸನ್ನು ಎತ್ತಿಕೊಂಡು ಊರಿನ ಮುಖ್ಯಾಧಿಕಾರಿಯ ಎದುರಿಗೆ ಬರುತ್ತಿದ್ದಳು. ಆತ ನೋಡಿ, ಬಟ್ಟೆಬರೆಯ ವಿವರ ಬರೆಸಿ, ಹೆಸರನ್ನೂ ಅಡ್ಡಹೆಸರನ್ನೂ ತಾನೇ ಕೊಡುತ್ತಿದ್ದ. ಆ ಹಾಳೆಗಳು ಇಟಲಿಯ ಪತ್ರಾಗಾರಗಳಲ್ಲಿ ಇವೆ, ವಂಶವೃಕ್ಷ ಹುಡುಕುವವರ ಬೇರು ಎಷ್ಟೋ ಸಲ ಅಲ್ಲಿಗೆ ಬಂದು ನಿಂತುಬಿಡುತ್ತದೆ.

ಒಂದು ಅಕ್ಷರ ಆಚೀಚೆಯಾದರೆ ಏನಾಗುತ್ತದೆ ಎಂಬುದಕ್ಕೆ ವಿನ್ಚೆನ್ಸೊ ಜೆಮಿಟೊ ಸಾಕ್ಷಿ. 1852ರ ಜುಲೈ 16ರಂದು ಹುಟ್ಟಿದ ಈ ಕೂಸನ್ನು ಮರುದಿನವೇ ಅನುನ್ಸಿಯಾಟಾದ ತಿರುಗಣೆಯಲ್ಲಿ ಬಿಟ್ಟರು. ಆಗ ಎಸ್ಪೊಸಿಟೊ ಎಂದು ಬರೆಯುವ ಹಾಗಿರಲಿಲ್ಲ. ‘ಹುಟ್ಟಿದವನು’ ಎಂಬರ್ಥದ ಜೆನಿಟೊ ಎಂದು ಇಡಲು ಹೊರಟರು. ಬರೆಯುವಾಗ ಕೈತಪ್ಪಿ ಜೆಮಿಟೊ ಆಯಿತು. ಇಟಾಲಿಯನ್ನಿನಲ್ಲಿ ಜೆಮಿಟೊ ಎಂದರೆ ನರಳಿಕೆ. ತನ್ನ ಮಗುವನ್ನು ಕಳೆದುಕೊಂಡಿದ್ದ ಬಡ ಹೆಂಗಸೊಬ್ಬಳು ಅವನನ್ನು ಮನೆಗೆ ಕರೆದೊಯ್ದಳು. ಬೀದಿಯಲ್ಲಿ ಬೆಳೆದ ಆ ಹುಡುಗ ಹದಿನಾರನೇ ವಯಸ್ಸಿಗೆ ಇಸ್ಪೀಟು ಆಡುವ ಹುಡುಗನ ಮೂರ್ತಿ ಮಾಡಿದ, ದೊರೆ ವಿಕ್ಟರ್ ಇಮ್ಯಾನುಯೆಲ್ ಅದನ್ನು ಕೊಂಡುಕೊಂಡ. 1877ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅವನ ಕಂಚಿನ ಬೆಸ್ತರ ಹುಡುಗ ಎಲ್ಲರ ಕಣ್ಣು ಸೆಳೆಯಿತು. ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಜಾರಿಹೋಗಲು ಒದ್ದಾಡುವ ಮೀನನ್ನು ಬರಿಮೈಗೆ ಅವುಚಿಕೊಂಡ ಹುಡುಗ ಅವನು. ಕೈಗೆ ಸಿಕ್ಕ ಜೀವವೊಂದನ್ನು ಬಿಡದೆ ಎದೆಗೆ ಒತ್ತಿಕೊಂಡಿರುವ ಆ ಭಂಗಿಯನ್ನು ನೋಡಿದರೆ ಅದನ್ನು ಕಡೆದವನ ಹುಟ್ಟು ನೆನಪಾಗದೆ ಇರದು.

ಹೊಸದಾಗಿ ಇಡುವುದಕ್ಕೆ ನಿಷೇಧ ಬಂದರೂ ಆಗಲೇ ಎಸ್ಪೊಸಿಟೊ ಆಗಿದ್ದವರು ಆ ಹೆಸರನ್ನು ಕಳಚಿಡಲಿಲ್ಲ. ಎರಡು ನೂರು ವರ್ಷಗಳಲ್ಲಿ ಅದರಡಿ ಮನೆಗಳು ಎದ್ದಿದ್ದವು, ಅಂಗಡಿಗಳು ನಡೆದಿದ್ದವು, ಅಜ್ಜಂದಿರ ಗೋರಿಗಳ ಮೇಲೆ ಅದನ್ನು ಕೆತ್ತಲಾಗಿತ್ತು. 1889ರಲ್ಲಿ ರಾಣಿ ಮಾರ್ಗರಿಟಾಳಿಗೆ ತುಳಸಿಯ ಜಾತಿಯ ಎಲೆ, ಚೀಸ್, ಟೊಮೆಟೊ ಹಾಕಿದ ಪಿಜ್ಜಾ ಮಾಡಿಕೊಟ್ಟನೆಂದು ಹೆಸರಾದ ಬಾಣಸಿಗ ರಫಾಯೆಲೆ ಎಸ್ಪೊಸಿಟೊ. ಆ ಪ್ರಸಂಗ ನಡೆದ ರೀತಿಯ ಬಗ್ಗೆ ಇತಿಹಾಸಕಾರರಿಗೆ ಸಂದೇಹಗಳಿವೆ. ಹೇಗೂ ಇರಲಿ, ನೇಪಲ್ಸ್ ಅತ್ಯಂತ ಹೆಮ್ಮೆಪಡುವ ತಿನಿಸಿನ ಜೊತೆ ಸೇರಿಕೊಂಡಿರುವುದು ತಿರುಗಣೆಯ ಹೆಸರೇ. 19ನೇ ಶತಮಾನದ ಕೊನೆಗೆ ಬಡತನ ಲಕ್ಷಾಂತರ ಜನರನ್ನು ನೇಪಲ್ಸ್ ಬಂದರಿನಿಂದ ಹಡಗು ಹತ್ತಿಸಿದಾಗ ಈ ಹೆಸರೂ ನ್ಯೂಯಾರ್ಕಿಗೆ, ಬ್ಯೂನಸ್ ಐರಿಸ್‌ಗೆ ಹೋಯಿತು. ಅಲ್ಲಿ ಅದರ ಅರ್ಥ ಯಾರಿಗೂ ಗೊತ್ತಿರಲಿಲ್ಲ, ಅದು ಬರೀ ಇಟಲಿಯ ಒಂದು ಹೆಸರಾಗಿತ್ತು.

ತಿರುಗಣೆಗಳ ಕಾಲವೂ ಮುಗಿಯುತ್ತ ಬಂತು. ಸಾವಿನ ಸಂಖ್ಯೆ ಕಂಡು ವೈದ್ಯರು ಬೆಚ್ಚಿದ್ದರು. ಖರ್ಚು ಕಂಡು ಸ್ಥಳೀಯ ಸರ್ಕಾರಗಳು ಬೆದರಿದ್ದವು. ಮಿಲಾನಿನಲ್ಲಂತೂ ಮದುವೆಯಾದ ಕೂಲಿಕಾರ ದಂಪತಿಗಳೇ ಕೂಸನ್ನು ತಿರುಗಣೆಯಲ್ಲಿಟ್ಟು, ಹಾಲು ಬಿಡಿಸುವ ಕಾಲಕ್ಕೆ ಬಂದು ಒಯ್ಯುತ್ತಿದ್ದರು. ಕಾರ್ಖಾನೆಗೆ ಹೋಗುವ ತಾಯಿಗೆ ಬೇರೆ ದಾರಿ ಇರಲಿಲ್ಲ. 1867ರಲ್ಲಿ ಫೆರಾರಾ, ಮರುವರ್ಷ ಮಿಲಾನ್, 1875ರಲ್ಲಿ ಫ್ಲಾರೆನ್ಸ್ ಮತ್ತು ನೇಪಲ್ಸ್ ತಮ್ಮ ತಿರುಗಣೆಗಳನ್ನು ಮುಚ್ಚಿದವು. ಆದರೂ ಅನುನ್ಸಿಯಾಟಾಕ್ಕೆ ಕೂಸುಗಳು ಬರುವುದು ನಿಲ್ಲಲಿಲ್ಲ, ಕಿಂಡಿಯ ಬದಲು ಕಚೇರಿಯ ಮೂಲಕ ಬಂದವು. ಇಡೀ ದೇಶದಲ್ಲಿ ತಿರುಗಣೆಯನ್ನು ಕಾನೂನಿನಿಂದ ರದ್ದುಮಾಡಿದ್ದು 1923ರಲ್ಲಿ.

ಹೆಸರಿನ ಕಳಂಕ ಆಗಲೂ ಹೋಗಲಿಲ್ಲ, ಜಾಗ ಬದಲಿಸಿತು ಅಷ್ಟೆ. ಶಾಲೆಯ ಪತ್ರ, ಸೈನ್ಯದ ಪತ್ರ, ಮದುವೆಯ ಪತ್ರ, ಎಲ್ಲದರಲ್ಲೂ ತಂದೆಯ ಹೆಸರಿನ ಜಾಗವಿತ್ತು. ತಂದೆ ಗೊತ್ತಿಲ್ಲದವರಿಗೆ ಅಲ್ಲಿ ‘ಎನ್. ಎನ್.’ ಎಂದು ಎರಡು ಅಕ್ಷರ ಬೀಳುತ್ತಿತ್ತು. ಹೆಸರು ಎಷ್ಟೇ ಚೆನ್ನಾಗಿರಲಿ, ಆ ಎರಡು ಅಕ್ಷರ ಎಲ್ಲವನ್ನೂ ಹೇಳಿಬಿಡುತ್ತಿತ್ತು. ಗಣರಾಜ್ಯ ಬಂದ ಮೇಲೆ, 1955ರ ಕಾನೂನು, ಇಂಥ ಪತ್ರಗಳಿಂದ ತಂದೆತಾಯಿಯ ಹೆಸರಿನ ಕಲಮನ್ನೇ ತೆಗೆದುಹಾಕಿತು. ಮದುವೆಯೊಳಗೆ ಹುಟ್ಟಿದವರು, ಹೊರಗೆ ಹುಟ್ಟಿದವರು ಎಂಬ ಭೇದ ಕಾನೂನಿನಲ್ಲಿ ಪೂರ್ತಿ ಅಳಿಯಲು 2012ರವರೆಗೆ ಕಾಯಬೇಕಾಯಿತು.

ಇಟಲಿಯಲ್ಲಿ ಹೆರಿಗೆಯಾದ ಹೆಂಗಸಿಗೆ ತನ್ನ ಹೆಸರು ಹೇಳದಿರುವ ಹಕ್ಕು ಇವತ್ತಿಗೂ ಇದೆ. ಆಸ್ಪತ್ರೆಯಲ್ಲಿ ಹೆತ್ತು, ಹೆಸರು ಬೇಡ ಎಂದರೆ, ಜನನಪತ್ರದಲ್ಲಿ ‘ಹೆಸರು ಹೇಳಲೊಪ್ಪದ ಹೆಂಗಸಿಗೆ ಹುಟ್ಟಿದ ಮಗು’ ಎಂದು ಬರೆಯುತ್ತಾರೆ. ಎಸ್ಪೊಸಿಟೊ ಎಂಬ ಪದದಲ್ಲಿ ಇಲ್ಲದ ಕರ್ತೃಪದ ಇಲ್ಲಿ ಬಂದಿದೆ, ಹೆಸರಿಲ್ಲದಿದ್ದರೂ ಒಬ್ಬ ಹೆಂಗಸು ವಾಕ್ಯದೊಳಗೆ ಇದ್ದಾಳೆ. ಹಾಗೆ ಹುಟ್ಟಿದ ಒಬ್ಬರು ವಯಸ್ಸಾದ ಮೇಲೆ ತಮ್ಮ ಮೂಲ ತಿಳಿಯಬೇಕೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. 2012ರಲ್ಲಿ ಆ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಮರುವರ್ಷ ಇಟಲಿಯ ಸಂವಿಧಾನ ನ್ಯಾಯಾಲಯವೂ ತಾಯಿಯ ಮೌನವನ್ನು ಬದಲಾಯಿಸಲಾಗದ ಮುದ್ರೆಯೆಂದು ಭಾವಿಸಬಾರದು, ಮಗು ಕೇಳಿದರೆ ಅವಳನ್ನು ಮತ್ತೊಮ್ಮೆ ಕೇಳುವ ದಾರಿ ಇರಬೇಕು ಎಂದಿತು. ಈಗ ಮಗು ಅರ್ಜಿ ಹಾಕಿದರೆ ನ್ಯಾಯಾಧೀಶರು ಆ ತಾಯಿ ಎಲ್ಲಿದ್ದಾಳೆಂದು ಗುಟ್ಟಾಗಿ ಹುಡುಕಿಸಿ, ಯಾರಿಗೂ ಗೊತ್ತಾಗದಂತೆ ಕರೆಸಿ, ನಿನ್ನ ಹೆಸರು ಹೇಳಬಹುದೇ ಎಂದು ಕೇಳುತ್ತಾರೆ. ಅವಳು ಹೂಂ ಎಂದರೆ ಮಾತ್ರ ಅದು ಮಗುವಿಗೆ ತಿಳಿಯುತ್ತದೆ.